ಎಡಿಎಚ್‌ಡಿ ಇರುವ ದೊಡ್ಡವರಿಗೆ: ತಲೆಯಲ್ಲಿ ಬೇಡ, ಕಣ್ಣೆದುರು ಇಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಜೆರಾಕ್ಸ್, ಆನ್‌ಲೈನ್ ಅರ್ಜಿ, ಎಲ್ಲ ಮಾಡಿಕೊಡುತ್ತೇನೆ. ಫಾರಂ ಮಲಯಾಳದಲ್ಲಿ ಬಂದರೆ ಓದಲು ಬಾರದ ಕನ್ನಡದವರು ಸೀದಾ ನನ್ನ ಹತ್ತಿರ ಬರುತ್ತಾರೆ. ಅವರ ಅರ್ಜಿ ಒಂದೂ ತಡವಾಗುವುದಿಲ್ಲ. ನನ್ನ ಮನೆಯ ಕರೆಂಟ್ ಬಿಲ್ ಮಾತ್ರ ಕೊನೆಯ ತಾರೀಕು ದಾಟುತ್ತಿತ್ತು. ನನಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಕೆಯ ತೊಂದರೆ.

ಸೋಮಾರಿತನ ಆಗಿದ್ದರೆ ಎರಡೂ ಕಡೆ ತಡ ಆಗಬೇಕಿತ್ತು, ಅಲ್ವಾ? ಅಂಗಡಿಯಲ್ಲಿ ಜನ ಎದುರು ನಿಂತಿರುತ್ತಾರೆ. ಫಾರಂ ಮೇಜಿನ ಮೇಲಿರುತ್ತದೆ. ಕೊನೆಯ ದಿನ ಯಾವತ್ತು ಎಂದು ಅವರೇ ಮತ್ತೆ ಮತ್ತೆ ಹೇಳುತ್ತಾರೆ. ಮನೆಯ ಬಿಲ್ಲಿಗೆ ಇದ್ಯಾವುದೂ ಇಲ್ಲ. ಎರಡು ತಿಂಗಳಿಗೊಮ್ಮೆ ಮೀಟರ್ ನೋಡುವವರು ಬಂದು ಒಂದು ಚೀಟಿ ಕೊಟ್ಟು ಹೋಗುತ್ತಾರೆ. ಚೀಟಿ ಡ್ರಾಯರಿನೊಳಗೆ ಹೋಯಿತೋ, ಮುಗಿಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಎಡಿಎಚ್‌ಡಿ ಬಗ್ಗೆ ವರ್ಷಗಟ್ಟಲೆ ಹೇಳುತ್ತಾ ಬಂದದ್ದು ಇದನ್ನೇ. ಏನು ಮಾಡಬೇಕು ಎಂಬುದು ನಮಗೆ ಗೊತ್ತಿರುತ್ತದೆ. ಗೊತ್ತಿದ್ದದ್ದನ್ನು ಆ ಹೊತ್ತಿಗೆ, ಆ ಜಾಗದಲ್ಲಿ ಮಾಡುವುದೇ ಕಷ್ಟ. ಹಾಗಾಗಿ ಸಹಾಯವೂ ಆ ಜಾಗದಲ್ಲೇ ಸಿಗಬೇಕು. ನಾನು ಈಗ ಮಾಡುವುದೆಲ್ಲ ಇಷ್ಟೇ: ಅಂಗಡಿಯಲ್ಲಿ ತಾನಾಗಿ ಇರುವುದನ್ನು ಮನೆಗೂ ತರುವುದು. ಕಣ್ಣಿಗೆ ಕಾಣುವ ಕಾಗದ, ಎದುರಿಗೊಬ್ಬ ಮನುಷ್ಯ, ಹೊರಗಿನಿಂದ ಬಂದ ತಾರೀಕು. ಇನ್ನು ಸ್ವಲ್ಪ ಗಮನ ಕೊಡು ಎಂದು ನನಗೆ ನಾನೇ ಬೈದುಕೊಳ್ಳುವುದನ್ನು ಬಿಟ್ಟಿದ್ದೇನೆ. ಅದರಿಂದ ಒಂದು ಬಿಲ್ಲೂ ಕಟ್ಟಿ ಆಗಿಲ್ಲ.

ಸೌತೆಕಾಯಿಯ ನಿಯಮ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಸೌತೆಕಾಯಿಯನ್ನು (ಸಾಂಬಾರಿಗೆ ಹಾಕುವ ಮಂಗಳೂರು ಸೌತೆ) ಬಾಳೆಬಳ್ಳಿಯಲ್ಲಿ ಕಟ್ಟಿ ಮಾಡಿನ ಕೆಳಗೆ ಸಾಲಾಗಿ ತೂಗುಹಾಕುತ್ತಾರೆ. ಗಾಳಿ ಆಡಿದರೆ ಕೊಳೆಯುವುದಿಲ್ಲ, ಮಳೆಗಾಲ ಪೂರ್ತಿ ಬರುತ್ತದೆ. ನನಗೆ ಅದರಲ್ಲಿ ಇಷ್ಟವಾದದ್ದು ಬೇರೆ. ತಲೆ ಎತ್ತಿದರೆ ಸಾಕು, ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿಟ್ಟ ಬೀನ್ಸ್ ನನ್ನ ಕಣ್ಣಿಗೆ ಬೀಳುವುದು ಅದು ನೀರು ಬಿಟ್ಟ ಮೇಲೆ.

ಹಾಗಾಗಿ ನಮ್ಮ ಫ್ರಿಜ್ಜಿನ ಬಾಗಿಲಿನಲ್ಲಿ ತರಕಾರಿ ಇದೆ. ಉಪ್ಪಿನಕಾಯಿ, ಜಾಮು, ಸಾಸು ಎಲ್ಲ ಕೆಳಗಿನ ಡಬ್ಬಕ್ಕೆ ಹೋಗಿವೆ. ಅವು ಬೇಗ ಹಾಳಾಗುವುದಿಲ್ಲ, ಬೇಕಾದಾಗ ನಾವೇ ಹುಡುಕುತ್ತೇವೆ. ಅಡುಗೆ ಮನೆಯ ಸಾಮಾನೆಲ್ಲ ಆಚೆಯಿಂದ ಕಾಣುವ ಡಬ್ಬಗಳಲ್ಲಿ. ಬೆಳಗಿನ ಮಾತ್ರೆ ಚಾ ಹುಡಿಯ ಡಬ್ಬದ ಮುಚ್ಚಳದ ಮೇಲೆ, ವಾರದ ಏಳು ಮನೆ ಇರುವ ಪೆಟ್ಟಿಗೆಯಲ್ಲಿ. ಅದನ್ನು ಎತ್ತದೆ ಚಾ ಮಾಡಲು ಸಾಧ್ಯವಿಲ್ಲ. ತೆಗೆದುಕೊಂಡೆನೋ ಇಲ್ಲವೋ ಎಂಬ ಸಂಶಯವೂ ಬರುವುದಿಲ್ಲ.

ಕಾಗದಗಳಿಗೆ ಅಡುಗೆ ಮನೆಯ ಬಾಗಿಲ ಪಕ್ಕ ಒಂದು ದಾರ ಕಟ್ಟಿದ್ದೇನೆ. ಅದಕ್ಕೆ ಆರು ಬಟ್ಟೆ ಕ್ಲಿಪ್ಪು. ಕೊನೆಯ ತಾರೀಕು ಇರುವ ಕಾಗದ ಮಾತ್ರ ಅಲ್ಲಿ ನೇತಾಡಬೇಕು. ಮದುವೆ ಕಾಗದ, ಕ್ಯಾಲೆಂಡರು, ಮಗನ ಚಿತ್ರ, ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಆರಕ್ಕಿಂತ ಜಾಸ್ತಿ ಆದರೆ ಮೊದಲು ಒಂದನ್ನು ಮುಗಿಸಬೇಕು. ಈ ಮಿತಿ ಮುಖ್ಯ. ಗೋಡೆ ತುಂಬ ಹಳದಿ ಚೀಟಿ ಅಂಟಿಸಿದವರನ್ನು ನೋಡಿದ್ದೇನೆ. ಒಂದು ವಾರಕ್ಕೆ ಅದು ಗೋಡೆಯ ಬಣ್ಣವೇ ಆಗಿಬಿಡುತ್ತದೆ.

ಬೀಗದ ಕೈ, ಕನ್ನಡಕ, ಪರ್ಸು ಎಲ್ಲಿಡಬೇಕು ಎಂದು ನೀವು ತೀರ್ಮಾನಿಸಲು ಹೋಗಬೇಡಿ. ಒಂದು ವಾರ ಸುಮ್ನೆ ನೋಡಿ. ಮನೆಗೆ ಬಂದ ಕೂಡಲೇ ನಿಮ್ಮ ಕೈ ಅದನ್ನು ಎಲ್ಲಿ ಬಿಡುತ್ತದೆ? ಅಲ್ಲೇ ಒಂದು ಕೊಕ್ಕೆ ಹೊಡೆಯಿರಿ, ಒಂದು ಬುಟ್ಟಿ ಇಡಿ. ನನ್ನ ಕೈ ಬಿಡುವುದು ಜಗಲಿಯ ಕಿಟಕಿಯಲ್ಲಿ. ಚಂದ ಕಾಣುವುದಿಲ್ಲ, ಆದರೆ ಬೀಗದ ಕೈ ಅಲ್ಲೇ ಸಿಗುತ್ತದೆ.

ನಾಳೆ ಕೊಂಡುಹೋಗಬೇಕಾದ ವಸ್ತುವನ್ನು ದಾಟಿ ಹೋಗಲು ಆಗದ ಜಾಗದಲ್ಲಿಡಿ. ನಾನು ಚಪ್ಪಲಿಯ ಮೇಲೆ ಇಡುತ್ತಿದ್ದೆ. "ಕಾಗದ ಅಂದರೆ ಸರಸ್ವತಿ, ಚಪ್ಪಲಿ ಮೇಲೆ ಇಡ್ತಾರಾ ಮಾರಾಯ್ತಿ?" ಎಂದರು ಅತ್ತೆ. ಅವರ ಮಾತೂ ಸರಿಯೇ. ಈಗ ಚೀಲ ಸ್ಕೂಟರಿನ ಹ್ಯಾಂಡಲಿಗೆ ಹೋಗುತ್ತದೆ.

ಹಾಲಿಗೆ ಸೀಟಿ ಹೊಡೆಯುವ ಕುಕ್ಕರ್ ತಂದುಬಿಡಿ. ಇದರ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ.

ಹೊತ್ತು ಕಾಣುವಂತೆ ಮಾಡುವುದು

ನಮ್ಮಂಥವರಿಗೆ ಎರಡೇ ಹೊತ್ತು: ಈಗ, ಮತ್ತು ಈಗ ಅಲ್ಲ. ಮುಂದಿನ ವಾರ ಇರುವುದೂ ಮುಂದಿನ ವರ್ಷ ಇರುವುದೂ ಒಂದೇ ದೂರದಲ್ಲಿ ಕಾಣುತ್ತದೆ. ಇದನ್ನು ಮನಸ್ಸು ಗಟ್ಟಿ ಮಾಡಿ ಸರಿಪಡಿಸಲಾಗುವುದಿಲ್ಲ. ಗಡಿಯಾರದಿಂದ ಸ್ವಲ್ಪ ಮಟ್ಟಿಗೆ ಆಗುತ್ತದೆ.

ಮೊಬೈಲಿನ ಅಂಕಿಗಿಂತ ಮುಳ್ಳಿನ ಗಡಿಯಾರ ಒಳ್ಳೆಯದು. ಎಷ್ಟು ಹೊತ್ತು ಉಳಿದಿದೆ ಎಂಬುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಜೊತೆಗೆ, ಹೊತ್ತು ನೋಡಲು ಮೊಬೈಲ್ ಎತ್ತಿದವರು ಹೊತ್ತು ಮಾತ್ರ ನೋಡಿ ಕೆಳಗಿಟ್ಟದ್ದು ನಾನು ನೋಡಿಲ್ಲ. ನಮ್ಮ ಬಚ್ಚಲಿನಲ್ಲೂ ಒಂದು ಗಡಿಯಾರ ಇದೆ.

ಅಲಾರಂ ಇಡುವಾಗ ಅದಕ್ಕೊಂದು ಹೆಸರು ಬರೆಯಿರಿ. "ಬ್ಯಾಂಕ್" ಎಂದು ಬರೆದರೆ ಬ್ಯಾಂಕ್ ಎಂದು ಓದಿ ನಿಲ್ಲಿಸುತ್ತೀರಿ. "ಎದ್ದು ಪಾಸ್‌ಬುಕ್ ಚೀಲಕ್ಕೆ ಹಾಕು" ಎಂದು ಬರೆಯಿರಿ. ಎದ್ದ ಮೇಲೇ ಅಲಾರಂ ನಿಲ್ಲಿಸಬೇಕು. ಇದೊಂದು ಕಟ್ಟುನಿಟ್ಟು ಬೇಕೇ ಬೇಕು.

ಬಸ್ಸಿಗೆ ಹೊರಡುವುದನ್ನು ಹಿಂದಿನಿಂದ ಎಣಿಸಿ. ಕಾಸರಗೋಡಿಗೆ ಹೋಗುವ ಬಸ್ಸು 9ಕ್ಕೆ ಎಂದಿಟ್ಟುಕೊಳ್ಳಿ. 8.45ಕ್ಕೆ ಗೇಟು ದಾಟಬೇಕು. 8.40ಕ್ಕೆ ಚಪ್ಪಲಿ ಕಾಲಲ್ಲಿರಬೇಕು. 8.30ಕ್ಕೆ ಕೈಯಲ್ಲಿರುವ ಕೆಲಸ ನಿಲ್ಲಬೇಕು. ಹೆಚ್ಚಿನವರು 8.45ಕ್ಕೆ ಅಲಾರಂ ಇಡುತ್ತಾರೆ. ಇಡಬೇಕಾದದ್ದು 8.30ಕ್ಕೆ. "ಇದೊಂದು ಮುಗಿಸಿ ಹೋಗುವ" ಎಂಬ ಮಾತೇ ನಮ್ಮ ಬಸ್ಸು ತಪ್ಪಿಸುವುದು. ಬೇಗ ಹೊರಟು ಉಳಿದ ಹತ್ತು ನಿಮಿಷದಲ್ಲಿ ಹೊಸ ಕೆಲಸ ಹಿಡಿಯಬೇಡಿ. ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಜನ ನೋಡಿ.

ಒಂದೊಂದು ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಬೇಕು ಎಂದು ಅಳೆದು ಬರೆದಿಡಿ. ಮೀಯುವುದು ಹತ್ತು ನಿಮಿಷದ ಕೆಲಸ ಎಂದು ನಾವು ನಂಬಿರುತ್ತೇವೆ. ಬಟ್ಟೆ ಹುಡುಕಿ, ಮಿಂದು, ತಲೆ ಬಾಚಿ ಬರುವಾಗ ಎಷ್ಟಾಗುತ್ತದೆ ನೋಡಿ.

ಶುರು ಮಾಡುವುದು ಹೇಗೆ

"ಭೂ ತೆರಿಗೆ ಕಟ್ಟಬೇಕು" ಎಂದು ಬರೆದಿಟ್ಟರೆ ಅದು ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಅದು ಒಂದು ಕೆಲಸ ಅಲ್ಲ, ನಾಲ್ಕೈದು ಕೆಲಸದ ಕಟ್ಟು. ಕೇರಳದಲ್ಲಿ ಈಗ ಆನ್‌ಲೈನಿನಲ್ಲೇ ಕಟ್ಟಬಹುದು, ಆದರೆ ತಂಡಪೇರ್ ನಂಬ್ರ (ಗ್ರಾಮ ಕಚೇರಿಯಲ್ಲಿ ಜಮೀನಿಗಿರುವ ಖಾತೆ ನಂಬ್ರ) ಬೇಕು. ಅದು ಇರುವುದು ಹಳೆಯ ರಶೀದಿಯಲ್ಲಿ. ರಶೀದಿ ಇರುವುದು ಗೋದ್ರೆಜ್ ಕಪಾಟಿನಲ್ಲಿ. ಹಾಗಾದರೆ ಪಟ್ಟಿಯಲ್ಲಿ ಬರೆಯಬೇಕಾದದ್ದು ಇಷ್ಟು: "ಕಪಾಟಿನಿಂದ ರಶೀದಿ ತೆಗೆದು ಮೇಜಿನ ಮೇಲಿಡು." ಇವತ್ತಿಗೆ ಅಷ್ಟು ಸಾಕು. ಮೇಜಿನ ಮೇಲೆ ಬಂದ ರಶೀದಿ ಮುಂದಿನ ಹೆಜ್ಜೆಯನ್ನು ತಾನೇ ಕರೆಯುತ್ತದೆ.

ಪೀಟರ್ ಗೋಲ್‌ವಿಟ್ಜರ್ ಎಂಬ ಜರ್ಮನಿಯ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಒಂದು ಸರಳ ಉಪಾಯ ಪರೀಕ್ಷಿಸಿ ತೋರಿಸಿದರು. ಮಾಡುತ್ತೇನೆ ಎಂದು ನಿಶ್ಚಯಿಸುವುದಕ್ಕಿಂತ, ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ ಎಂದು ಕಟ್ಟಿಹಾಕಿದರೆ ಕೆಲಸ ಆಗುವುದು ಜಾಸ್ತಿ. ನನ್ನದು ಹೀಗಿದೆ: ಸಂಜೆಯ ಚಾ ಲೋಟ ಕೆಳಗಿಟ್ಟ ಕೂಡಲೇ ಅಂಗಡಿಯ ಲೆಕ್ಕದ ಪುಸ್ತಕ ತೆರೆಯುವುದು. ಗಂಟೆ ಹೇಳಿದರೆ ನನಗೆ ನಡೆಯುವುದಿಲ್ಲ. ಚಾ ಮಾತ್ರ ತಪ್ಪುವುದಿಲ್ಲ.

25 ನಿಮಿಷ ಕೆಲಸ, ಸ್ವಲ್ಪ ಬಿಡುವು ಎಂಬ ಪೊಮೊಡೊರೊ ವಿಧಾನ ನೀವು ಕೇಳಿರಬಹುದು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಗೆ ಟೊಮೆಟೊ ಆಕಾರದ ಅಡುಗೆ ಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ನನಗೆ ಅದು ಪೂರ್ತಿ ಹಿಡಿಸಿಲ್ಲ. ಬೇಜಾರಿನ ಕೆಲಸಕ್ಕೆ 25 ನಿಮಿಷ ತೀರ ಉದ್ದ. ಕೈ ಓಡುತ್ತಿರುವಾಗ ತೀರ ಗಿಡ್ಡ, ಆಗ ಗಂಟೆ ಹೊಡೆದು ಎಬ್ಬಿಸಿದರೆ ಮತ್ತೆ ಕೂರುವವರು ಯಾರು? ಬೇಜಾರಿನದ್ದಕ್ಕೆ ಹತ್ತು ನಿಮಿಷ ಇಡಿ. ಕೈ ಓಡುವಾಗ ಟೈಮರ್ ಬೇಡ, ಊಟದ ಹೊತ್ತಿಗೆ ಮನೆಯವರು ಬಂದು ಎಬ್ಬಿಸಲಿ.

ಹಿನ್ನೆಲೆಯಲ್ಲಿ ಏನಾದರೂ ಶಬ್ದ ಇದ್ದರೆ ಕೆಲವರಿಗೆ ಕೆಲಸ ಆಗುತ್ತದೆ. ನಾನು ತಾಳಮದ್ದಳೆ ಹಾಕುತ್ತಿದ್ದೆ. ಅರ್ಥಗಾರಿಕೆ ಜೋರಾದ ಕೂಡಲೇ ಕೈ ನಿಲ್ಲುತ್ತದೆ. ಬರೀ ಚೆಂಡೆ ಮದ್ದಳೆ ಆದರೆ ಅಡ್ಡಿಯಿಲ್ಲ.

ಪಕ್ಕದಲ್ಲೊಬ್ಬರು

ಅಡಿಕೆ ಸುಲಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಜಗಲಿಯಲ್ಲಿ ನಾಲ್ಕು ಜನ ಕೂತರೆ ಊರ ಸುದ್ದಿಯ ನಡುವೆ ಗೋಣಿ ಖಾಲಿಯಾಗುತ್ತದೆ. ಒಬ್ಬಳೇ ಕೂತರೆ ಒಂದು ಬುಟ್ಟಿ ಮುಗಿಯುವ ಮೊದಲು ಮೂರು ಸಲ ಎದ್ದಾಗುತ್ತದೆ. ಎಡಿಎಚ್‌ಡಿ ಇರುವವರಿಗೆ ಈ ಉಪಾಯ ಬೇರೆ ದೇಶಗಳಲ್ಲೂ ಹೇಳಿಕೊಡುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಕೆಲಸ ಮಾಡುತ್ತಾ ಇದ್ದರೆ ಸಾಕು. ಅವರು ಸಹಾಯ ಮಾಡಬೇಕೆಂದಿಲ್ಲ.

ಲೆಕ್ಕದ ಕೆಲಸಕ್ಕೆ ನಾನು ಪಕ್ಕದ ಅಂಗಡಿಯ ಟೈಲರ್ ಅಕ್ಕನನ್ನು ಹಿಡಿದಿದ್ದೇನೆ. ಬುಧವಾರ ಮಧ್ಯಾಹ್ನ ಅವರು ಕಾಜ ಹಾಕಲು ಇಲ್ಲಿ ಬಂದು ಕೂರುತ್ತಾರೆ, ನಾನು ಪುಸ್ತಕ ಬರೆಯುತ್ತೇನೆ. ಬಟ್ಟೆ ಮಡಚುವಂಥ ಕೆಲಸಕ್ಕೆ ಮುಳ್ಳೇರಿಯದಲ್ಲಿರುವ ತಂಗಿಗೆ ವಿಡಿಯೋ ಕಾಲ್. ಫೋನು ಗೋಡೆಗೆ ಒರಗಿಸಿಟ್ಟು ಇಬ್ಬರೂ ನಮ್ಮ ನಮ್ಮ ಕೆಲಸ ಮಾಡುತ್ತೇವೆ. ಅರ್ಧ ಗಂಟೆ ಮಾತೇ ಇರುವುದಿಲ್ಲ.

ಯಾರನ್ನು ಕೂರಿಸಿಕೊಳ್ಳುತ್ತೀರಿ ಎಂಬುದು ಮುಖ್ಯ. ನಮ್ಮ ಮನೆಯವರು ಬಹಳ ಒಳ್ಳೆಯವರು, ಆದರೆ ಪಕ್ಕ ಕೂತರೆ ಸಲಹೆ ಕೊಡುತ್ತಾರೆ. ಅಂಥವರು ಬೇಡ.

ತಾರೀಕಿನ ವಿಷಯವೂ ಹೀಗೆಯೇ. ನಾನೇ ಇಟ್ಟ ತಾರೀಕಿಗೆ ನಾನು ಹೆದರುವುದಿಲ್ಲ. ಇನ್ನೊಬ್ಬರಿಗೆ ಮಾತು ಕೊಟ್ಟರೆ ಹೆದರುತ್ತೇನೆ. ಇದನ್ನು ಕಲಿಯಲು ನಮ್ಮ ತೋಟವನ್ನೇ ನೋಡಿ. ಅಡಿಕೆಗೆ ಕೊಳೆರೋಗ ಬಾರದಿರಲು ಶೇಕಡಾ 1ರ ಬೋರ್ಡೋ ದ್ರಾವಣ ಬಿಡಬೇಕು. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಮೊದಲ ಮದ್ದು ಮಳೆಗಾಲ ಹಿಡಿಯುವ ಮೊದಲು, ಎರಡನೆಯದು 40–45 ದಿನ ಬಿಟ್ಟು. ಮೊದಲನೆಯದನ್ನು ಯಾರೂ ಮರೆಯುವುದಿಲ್ಲ, ಮೇ ಕೊನೆಯಲ್ಲಿ ಗುಡುಗೇ ನೆನಪು ಮಾಡುತ್ತದೆ. ಎರಡನೆಯದಕ್ಕೆ ಗುಡುಗಿಲ್ಲ, ಬರೀ ಲೆಕ್ಕ. ಹಾಗಾಗಿ ಮೊದಲ ಮದ್ದು ಬಿಟ್ಟ ದಿನವೇ, ಮದ್ದು ಬಿಡುವವರು ಜಗಲಿಯಲ್ಲಿ ಚಾ ಕುಡಿಯುವಾಗಲೇ, ಎರಡನೆಯದರ ದಿನ ಅವರ ಹತ್ತಿರ ಹೇಳಿಟ್ಟಾಗಬೇಕು. ಮರದ ಮೇಲೆ ಹತ್ತುವವರಿಗೆ ಬೇರೆ ತೋಟಗಳೂ ಇವೆ, ಹಾಗಾಗಿ ಗೊತ್ತುಮಾಡಿದ ದಿನ ತಪ್ಪಿಸದೆ ಅವರು ಬಂದೇ ಬರುತ್ತಾರೆ.

ಹಲ್ಲಿನ ಡಾಕ್ಟರು, ಸ್ಕೂಟರ್ ಸರ್ವಿಸ್, ಮಗನ ಟೀಚರ್, ಎಲ್ಲ ಕಡೆ ಇದನ್ನೇ ಮಾಡಿ. ಅಲ್ಲಿಂದ ಏಳುವ ಮೊದಲೇ ಮುಂದಿನ ದಿನ ನಿಶ್ಚಯ ಮಾಡಿಕೊಂಡು ಬನ್ನಿ. ಮನೆಗೆ ಹೋಗಿ ಫೋನ್ ಮಾಡ್ತೇನೆ ಎಂದರೆ ಮುಗಿಯಿತು.

ಮನೆಯವರಿಗೆ ಏನು ಹೇಳುವುದು

"ನನಗೆ ಎಡಿಎಚ್‌ಡಿ ಇದೆ, ಅರ್ಥ ಮಾಡಿಕೊಳ್ಳಿ" ಎಂದರೆ ಯಾರಿಗೂ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂಬ ಉತ್ತರ ಬರುತ್ತದೆ. ಮಾಡಲು ಸುಲಭವಾದ ಒಂದೆರಡು ಸಂಗತಿ ಕೇಳಿ. ನಮ್ಮಲ್ಲಿ ಒಂದು ನಿಯಮ ಇದೆ: ಇನ್ನೊಂದು ಕೋಣೆಯಿಂದ ಕೂಗಿ ಹೇಳಿದ್ದು ಹೇಳಿದ ಲೆಕ್ಕಕ್ಕಿಲ್ಲ. ಇವರು ಬಚ್ಚಲಿನಿಂದ "ಗ್ಯಾಸ್ ಬುಕ್ ಮಾಡು" ಎಂದು ಕೂಗಿದರೆ ಅದು ಗಾಳಿಗೆ ಹೋಯಿತು. ಎದುರು ಬಂದು ಹೇಳಬೇಕು, ಇಲ್ಲದಿದ್ದರೆ ವಾಟ್ಸಾಪಿನಲ್ಲಿ ಬರೆಯಬೇಕು. ಮರೆಯಬೇಡ ಎಂದು ಹೇಳುವ ಬದಲು ವಸ್ತುವನ್ನೇ ಕೈಗೆ ಕೊಡಬೇಕು. ಅತ್ತೆ ಈಗ ಪೇಟೆಯಿಂದ ಆಗಬೇಕಾದ ಸಾಮಾನಿನ ಖಾಲಿ ಡಬ್ಬವನ್ನೇ ನನ್ನ ಚೀಲಕ್ಕೆ ಹಾಕುತ್ತಾರೆ. ಇಂಥ ಬುದ್ಧಿ ಯಾವ ಆ್ಯಪಿಗೂ ಇಲ್ಲ.

ಯಾರಾದರೂ ಏನಾದರೂ ಕೇಳಿದರೆ ಥಟ್ಟನೆ ಹೂಂ ಎನ್ನುವುದು ನಮ್ಮ ಇನ್ನೊಂದು ಗುಣ. ಅದಕ್ಕೆ ಒಂದು ವಾಕ್ಯ ಬಾಯಿಪಾಠ ಮಾಡಿಟ್ಟುಕೊಳ್ಳಿ: "ಪುಸ್ತಕ ನೋಡಿ ಹೇಳ್ತೇನೆ." ದುಡ್ಡಿಗೂ ಹಾಗೆಯೇ. ಮೊಬೈಲಿನಲ್ಲಿ ಕಂಡದ್ದನ್ನು ಕಾರ್ಟಿಗೆ ಹಾಕಿ ಮಲಗಿ, ಬೆಳಿಗ್ಗೆ ಬೇಕೆನಿಸಿದರೆ ತೆಗೆದುಕೊಳ್ಳಿ. ಕಾರ್ಡ್ ನಂಬ್ರ ಎಲ್ಲೂ ಸೇವ್ ಆಗಿರಬಾರದು. ಬಿಲ್ಲುಗಳು ತಾವಾಗಿ ಹೋಗುವ ಹಾಗೆ ಬ್ಯಾಂಕಿಗೆ ಹೇಳಿಟ್ಟರೆ ಕ್ಲಿಪ್ಪಿನ ಭಾರ ಕಡಿಮೆ.

ನಿದ್ದೆ ಕೆಟ್ಟ ಮರುದಿನ ಮೇಲೆ ಹೇಳಿದ ಯಾವುದೂ ಕೆಲಸ ಮಾಡುವುದಿಲ್ಲ. ಮೊಬೈಲ್ ಚಾರ್ಜಿಗೆ ಇಡುವ ಜಾಗ ಮಲಗುವ ಕೋಣೆಯಲ್ಲಿ ಬೇಡ.

ಇನ್ನೊಂದು. ಈ ಉಪಾಯಗಳು ಹಳೆಯದಾಗುತ್ತವೆ. ಒಂದೆರಡು ತಿಂಗಳಲ್ಲಿ ಅಲಾರಂ ಕಿವಿಗೆ ಬೀಳುವುದು ನಿಲ್ಲುತ್ತದೆ, ದಾರ ಕಣ್ಣಿಗೆ ಬೀಳುವುದು ನಿಲ್ಲುತ್ತದೆ. ಆಗ ನನ್ನಿಂದ ಏನೂ ಆಗುವುದಿಲ್ಲ ಎಂದು ಕೂರಬೇಡಿ. ಹೊಸತಕ್ಕೆ ಮಾತ್ರ ಎಚ್ಚರಾಗುವ ತಲೆ ನಮ್ಮದು. ಅಲಾರಮ್ಮಿನ ಶಬ್ದ ಬದಲಿಸಿ, ದಾರವನ್ನು ಬೇರೆ ಬಾಗಿಲಿಗೆ ಕಟ್ಟಿ.

ಡಾಕ್ಟರ ಹತ್ತಿರ ಹೋಗುವವರಿಗೆ

ನನಗೆ ಗೊತ್ತಾದದ್ದು ಮಗನಿಂದ. ಅವನನ್ನು ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸುವಾಗ, ಅಪ್ಪ ಅಮ್ಮನಲ್ಲಿ ಯಾರಿಗಾದರೂ ಹೀಗಿತ್ತಾ ಎಂದು ಡಾಕ್ಟರು ಕೇಳಿದರು. ಇವರು ಬಾಯಿ ಬಿಡಲಿಲ್ಲ, ಸುಮ್ನೆ ನನ್ನ ಕಡೆ ತಿರುಗಿದರು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿ ವಂಶದಲ್ಲಿ ಬರುವುದು ಹೆಚ್ಚು ಕಡಿಮೆ ಮೈಯ ಎತ್ತರದಷ್ಟೇ ಬಲವಾಗಿ. ನನ್ನಂಥ ಹೆಂಗಸರಿಗೆ ತಡವಾಗಿ ಗೊತ್ತಾಗುವುದಕ್ಕೂ ಕಾರಣ ಇದೆ. ಕ್ಲಾಸಿನಲ್ಲಿ ಗಲಾಟೆ ಮಾಡುವ ಹುಡುಗ ಮಾಸ್ತರರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯ ಹೊರಗೆ ನೋಡುತ್ತಾ ಕೂತ ಹುಡುಗಿ ಬೀಳುವುದಿಲ್ಲ.

ಡಾಕ್ಟರುಗಳು ನೋಡುವ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಾದ 2013ರ ಡಿಎಸ್‌ಎಂ-5 ಪ್ರಕಾರ, ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಮನೆ, ಕೆಲಸ ಹೀಗೆ ಕನಿಷ್ಠ ಎರಡು ಕಡೆ ತೊಂದರೆ ಕೊಡುತ್ತಿರಬೇಕು. ಗಮನದ್ದು 9, ಚಡಪಡಿಕೆಯದ್ದು 9 ಲಕ್ಷಣಗಳ ಪಟ್ಟಿ ಇದೆ. 17 ತುಂಬಿದವರಿಗೆ ಯಾವುದಾದರೂ ಒಂದು ಪಟ್ಟಿಯಲ್ಲಿ ಕನಿಷ್ಠ 5 ಇರಬೇಕು. ಆದ್ದರಿಂದ ಅಟ್ಟದಲ್ಲಿ ಹಳೆಯ ಪ್ರೋಗ್ರೆಸ್ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ. ನಿಮ್ಮ ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 6 ಪ್ರಶ್ನೆಗಳ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಅದು ಡಾಕ್ಟರಿಗೆ ತೋರಿಸಬೇಕೋ ಎಂದಷ್ಟೇ ಹೇಳುತ್ತದೆ, ಕಾಯಿಲೆ ಇದೆ ಎಂದು ಹೇಳುವುದಿಲ್ಲ. ಥೈರಾಯ್ಡ್, ರಕ್ತ ಕಡಿಮೆ, ನಿದ್ದೆಯ ತೊಂದರೆ, ಆತಂಕ, ಖಿನ್ನತೆ ಇದ್ದರೂ ಹೀಗೇ ಆಗಬಹುದು. ಅವನ್ನೂ ನೋಡಿಸಬೇಕು. ಎಲ್ಲಿಗೆ ಹೋಗುವುದು ಎಂದೇ ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರದ ಸೇವೆ. ಖರ್ಚಿಲ್ಲ, ಹಗಲು ರಾತ್ರಿ ಇದೆ, ಕನ್ನಡದಲ್ಲೂ ಮಾತಾಡಬಹುದು.

ಮಾತ್ರೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರು ನಿಮ್ಮ ಬಿಪಿ, ಹೃದಯ ಎಲ್ಲ ನೋಡಿ ಹೇಳುತ್ತಾರೆ. ಮಿಥೈಲ್‌ಫೆನಿಡೇಟ್ ಎಂಬ ಮಾತ್ರೆ ಕೆಲವೇ ಹೊತ್ತಿನಲ್ಲಿ ಕೆಲಸ ಮಾಡುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು. ಆಟಮಾಕ್ಸೆಟಿನ್ ನಿಧಾನ, ಕೆಲವು ವಾರ ಕಾಯಬೇಕು. ಎರಡೂ ಬೀಗದ ಕೈ ಹುಡುಕಿಕೊಡುವುದಿಲ್ಲ, ಕೊಕ್ಕೆ ಹೇಗಿದ್ದರೂ ಬೇಕು. ಮಿಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಕಟ್ಟುನಿಟ್ಟು ಜಾಸ್ತಿ. ಡಾಕ್ಟರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಮೆಡಿಕಲ್‌ನವರು ಇಟ್ಟುಕೊಳ್ಳುತ್ತಾರೆ. ಎಲ್ಲ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಮರೆಯುವವರಿಗೇ ಇಷ್ಟು ಕಾಗದದ ಕೆಲಸ ಇಟ್ಟದ್ದು ಯಾರೋ! ಹತ್ತು ಮಾತ್ರೆ ಉಳಿದ ಜಾಗದಲ್ಲಿ ಸ್ಟ್ರಿಪ್ಪಿಗೆ ಕೆಂಪು ಪೆನ್ನಿನಿಂದ ಗೆರೆ ಹಾಕಿಡಿ. ಗೆರೆ ಮುಟ್ಟಿದ ದಿನ ಡಾಕ್ಟರಿಗೆ ಫೋನ್ ಹೋಗಬೇಕು.

ಕಾಸರಗೋಡಿನವರಿಗೆ ಒಂದು ಮಾತು ಜಾಸ್ತಿ. ನಮ್ಮ ಡಾಕ್ಟರುಗಳೆಲ್ಲ ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ತಲಪಾಡಿಯ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳಿಗೆ ಮಂಗಳೂರಿಗೆ ಹೋಗಲಾಗದೆ ಏನಾಯಿತೆಂದು ನಿಮಗೆ ನೆನಪಿರಬಹುದು. ಹಾಗಾಗಿ ಗಡಿಯ ಈಚೆಯೂ ಒಬ್ಬ ಮನೋವೈದ್ಯರಿಗೆ ಒಮ್ಮೆ ತೋರಿಸಿ, ನಿಮ್ಮ ಫೈಲಿನ ಪ್ರತಿ ಅಲ್ಲಿ ಇರಲಿ. ಮಲಯಾಳ ಬರೆಯಲು ಬಾರದಿದ್ದರೂ ಅಡ್ಡಿಯಿಲ್ಲ, ಚೀಟಿ ಇಂಗ್ಲಿಷಿನಲ್ಲೇ ಇರುತ್ತದೆ. ಫೈಲಿನ ಒಂದು ಜೆರಾಕ್ಸ್ ಮನೆಯಲ್ಲಿ, ಒಂದು ಫೋಟೊ ನಿಮ್ಮ ಮನೆಯವರ ಮೊಬೈಲಿನಲ್ಲಿ ಇರಲಿ.